ಉಪವಾಸ ಬೇಕರಿ

ಹೆಸರಿಡುವುದೆಂದರೆ ದೇವರ ಕೆಲಸಕ್ಕೆ ಒಂದು ಕೈ ಜೋಡಿಸಿದಂತೆ ಎಂದು ಮಾವ ನಂಬಿದ್ದರು. ಅವರ ಕಸುಬು ಅಂಗಡಿಗಳಿಗೆ ಬೋರ್ಡು ಬರೆಯುವುದು. ಬರೆಸಲು ಬಂದವರು ಬಣ್ಣ ಆರಿಸಬಹುದಿತ್ತು, ಹಲಗೆಯ ಅಳತೆ ಹೇಳಬಹುದಿತ್ತು. ಹೆಸರು ಮಾತ್ರ ಮಾವನದೇ.

ಹೀಗಾಗಿ ಬೀದಿ ತುಂಬ ಅವರ ಕೈಗುಣ ಕಾಣುತ್ತಿತ್ತು. ಬಟ್ಟೆ ಒಗೆಯುವವನಿಗೆ 'ತ್ಯಾಗ ಲಾಂಡ್ರಿ' ಎಂದು ಬರೆದುಕೊಟ್ಟಿದ್ದರು. ಅಲ್ಲಿ ಅಂಗಿ ಕೊಡುವವರು ಅದರ ಆಸೆ ಬಿಟ್ಟೇ ಕೊಡುತ್ತಿದ್ದರು. ಗಡಿಯಾರ ರಿಪೇರಿಯ ಅಂಗಡಿಗೆ 'ನಿಧಾನ'. ಎದುರಿನ ಕ್ಷೌರದಂಗಡಿಗೆ 'ಪುನರ್ಜನ್ಮ'. ಕತ್ತಿಗೆ ಕತ್ತು ಕೊಡುವ ಮುಂಚೆ ಗಿರಾಕಿಗಳು ಒಮ್ಮೆ ಆ ಬೋರ್ಡಿನ ಕಡೆ ನೋಡಿ ಉಗುಳು ನುಂಗುತ್ತಿದ್ದರು. ಆದರೂ ಯಾರೂ ಬೋರ್ಡು ಇಳಿಸಿರಲಿಲ್ಲ. ಅಕ್ಷರಗಳು ಹಾಗಿದ್ದವು, ಮುತ್ತು ಪೋಣಿಸಿದಂತೆ.

ಆಮೇಲೆ ಮಿಷನ್ನಿನಲ್ಲಿ ಅಚ್ಚಾಗುವ ಪ್ಲಾಸ್ಟಿಕ್ ಬೋರ್ಡುಗಳು ಬಂದವು. ಮಾವನ ಕುಂಚಗಳು ಡಬ್ಬಿಯಲ್ಲೇ ಒಣಗಿ ಕಡ್ಡಿಯಾದವು. ಮಂಡಿನೋವು ಬೇರೆ; ಬೀದಿಗಿಳಿಯುವುದನ್ನೂ ಬಿಟ್ಟು ಹಿತ್ತಿಲ ಕಟ್ಟೆಯ ಮೇಲೆ ಕೂತು ಜಪಮಣಿ ಎಣಿಸುತ್ತಿದ್ದರು.

ಸೊಸೆ ಹಾಸ್ಟೆಲ್ ಒಂದರ ಅಡುಗೆಮನೆಯಲ್ಲಿ ಬ್ರೆಡ್ಡು, ಬನ್ನು ಬೇಯಿಸುವವಳು. ಹಿಟ್ಟು ನಾದಿ ನಾದಿ ಅವಳ ತೋಳು ಗಟ್ಟಿಯಾಗಿತ್ತು, ಮೇಲ್ವಿಚಾರಕಿಯ ಬೈಗುಳ ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಒಂದು ದಿನ ಏಪ್ರನ್ ಕಳಚಿಟ್ಟು ಬಂದು, ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಒಲೆ ಹೂಡಿದಳು. ಒಂದು ತಿಂಗಳು ನೋಡು, ನಡೆಯದಿದ್ದರೆ ನಿನ್ನ ಜಾಗ ಹಾಗೇ ಇರುತ್ತದೆ ಎಂದು ಮೇಲ್ವಿಚಾರಕಿ ಹೇಳಿ ಕಳಿಸಿದ್ದಳು. ಆ ಮಾತಿನಲ್ಲಿ ಕರುಣೆಗಿಂತ ಬಲೆ ಹಾಕಿ ಕೂತವರ ತಾಳ್ಮೆಯೇ ಹೆಚ್ಚಿತ್ತು. ಮತ್ತೆ ಅಲ್ಲಿಗೆ ಹೋಗಿ ತಲೆ ತಗ್ಗಿಸುವುದಕ್ಕಿಂತ ಒಲೆಯೊಳಗೇ ತಲೆ ಇಡುವುದು ಮೇಲು ಎಂದುಕೊಂಡಿದ್ದಳು ಸೊಸೆ.

"ಬೋರ್ಡು ನಾನೇ ಬರೀತೀನಮ್ಮ" ಎಂದರು ಮಾವ.

ಎಷ್ಟೋ ಕಾಲದ ಮೇಲೆ ಅವರ ಮುಖ ದೀಪ ಹಚ್ಚಿದಂತಾಗಿತ್ತು. ಕುಂಚ ಎತ್ತುವಾಗ ನಡುಗುತ್ತಿದ್ದ ಕೈ ಹಲಗೆಗೆ ತಾಗಿದೊಡನೆ ಸುಮ್ಮನಾಗುತ್ತಿತ್ತು, ಅಳುವ ಕೂಸು ತಾಯಿಯ ಹೆಗಲಿಗೆ ಬಂದಂತೆ. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಬೋರ್ಡಿನ ಮೇಲಿದ್ದ ಬಟ್ಟೆ ಎಳೆದರು. ಹಳದಿ ಹಲಗೆ, ಕೆಂಪು ಅಕ್ಷರ: ಉಪವಾಸ ಬೇಕರಿ.

ಸೊಸೆ ಅದನ್ನು ಇನ್ನೊಮ್ಮೆ ಓದಿದಳು. ಮಾವ ಬಿಡಿಸಿ ಹೇಳಿದರು: ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು, ಭಗವಂತನ ಹತ್ತಿರ ಇರುವುದೇ ಉಪವಾಸ, ಜನ ಹೊಟ್ಟೆ ಖಾಲಿ ಬಿಡುವುದೊಂದನ್ನೇ ಹಿಡಿದುಕೊಂಡು ಅರ್ಥ ಕೆಡಿಸಿದ್ದಾರೆ, ಈ ಅಂಗಡಿ ಅದನ್ನು ಸರಿ ಮಾಡಲಿ. ಆ ಮುಖ ನೋಡಿ ಅವಳು ಚೆನ್ನಾಗಿದೆ ಮಾವ ಎಂದುಬಿಟ್ಟಳು. ಅತ್ತೆ ಮಾತ್ರ ಬೋರ್ಡನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ತುಟಿ ಬಿಗಿದು ಒಳಗೆ ಹೋದರು.

ಬೀದಿಗೆ ಅರ್ಥ ಸರಿ ಮಾಡಿಕೊಳ್ಳುವ ಆತುರವೇನೂ ಇರಲಿಲ್ಲ. ಕ್ಷೌರಿಕ ಎದುರಿನಿಂದಲೇ ಕೂಗಿ ಕೇಳಿದ, "ಅಕ್ಕಾ, ಇವತ್ತು ಏನೇನಿಲ್ಲ?" ಒಬ್ಬ ದಪ್ಪನೆಯ ಮಹಾಶಯರು ಬಂದು, ಮೈ ಇಳಿಸುವುದಕ್ಕೆ ಇಲ್ಲೇ ಉಳಿಯಬೇಕೋ ಬಂದು ಹೋಗಿ ಮಾಡಬಹುದೋ, ಮಧ್ಯೆ ನೀರು ಕೊಡುತ್ತಾರೋ ಎಂದೆಲ್ಲ ವಿಚಾರಿಸಿದರು. ಬನ್ನಿನ ತಟ್ಟೆ ಕಂಡದ್ದೇ ಇದು ತಮ್ಮ ಮನೋಬಲದ ಪರೀಕ್ಷೆ ಎಂದು ತಿಳಿದು, ಕಣ್ಣು ಮುಚ್ಚಿಕೊಂಡು ಹೊರಟುಹೋದರು. ಸಂಜೆಗೆ ಉಳಿದ ಬ್ರೆಡ್ಡನ್ನು ಮನೆಯವರೇ ತಿಂದರು. ಮರುದಿನವೂ ತಿಂದರು. ಲಾರಿ ಓಡಿಸುವ ಗಂಡ ಯಾವುದೋ ರಸ್ತೆಯಿಂದ ಫೋನಿನಲ್ಲಿ ನಕ್ಕು ನಕ್ಕು, ಅಪ್ಪನ ಹತ್ತಿರ ನೀನೇ ಹೇಳು ಎಂದು ಜಾರಿಕೊಂಡ.

ಹೇಳುವ ಧೈರ್ಯವಿಲ್ಲದ ಸೊಸೆ ಉಪಾಯ ಹುಡುಕಿದಳು. ಬಿಸಿಲಿಗೆಂದು ಒಂದು ಟಾರ್ಪಾಲು ಕಟ್ಟಿ, ಅದರ ಅಂಚನ್ನು ಬೋರ್ಡಿನ ಮೊದಲ ಅಕ್ಷರದ ಮೇಲೆ ಇಳಿಬಿಟ್ಟಳು. 'ಉ' ಮರೆಯಾಗಿ 'ಪವಾಸ' ಉಳಿಯಿತು. ಅರ್ಥವಿಲ್ಲದ ಹೆಸರಾದರೆ ಯಾರಿಗೂ ತೊಂದರೆಯಿಲ್ಲ ಎಂಬುದು ಅವಳ ಲೆಕ್ಕ. ಆದರೆ ಓದು ಬಲ್ಲ ಜನ ಸುಮ್ಮನಿರುತ್ತಾರೆಯೇ? ಬರೆದವನು ಒತ್ತು ಮರೆತಿದ್ದಾನೆ ಎಂದು ತಾವೇ ತಿದ್ದಿಕೊಂಡು 'ಪ್ರವಾಸ' ಎಂದು ಓದಿದರು. ಗಂಟುಮೂಟೆಯ ಸಮೇತ ಒಂದು ಸಂಸಾರ ಬಂದು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಇಲ್ಲವೆಂದರೂ ಕೇಳದೆ ಮೆಟ್ಟಿಲ ಮೇಲೆ ಕಾದು ಕೂತಿತು.

ಟಾರ್ಪಾಲನ್ನು ಇನ್ನೊಂದು ಅಕ್ಷರ ಈಚೆಗೆ ಎಳೆದಳು. ಈಗ ಉಳಿದದ್ದು 'ವಾಸ ಬೇಕರಿ'.

ಅದು ಇನ್ನೂ ಕೆಟ್ಟಿತು. ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡ ಒಬ್ಬ ಬಂದು, ನಿಮಗೂ ವಾಸ ಬೇಕ್ರೀ ಅಂತ ಬರೆದಿದೆ, ನನಗೂ ವಾಸ ಬೇಕ್ರೀ, ಇಬ್ಬರೂ ಸೇರಿ ಹುಡುಕಿದರೆ ಸಿಕ್ಕೀತು ಎಂದ. ಸೊಸೆ ಒಲೆಯ ಮುಂದಿದ್ದಳು. ಆ ಮನುಷ್ಯ ಹೇಳಿದ್ದು, ದಾಹವೆಂದು ನೀರು ಕೇಳಲು ಹಿತ್ತಿಲಿನಿಂದ ಮುಂದಿನ ಕೋಣೆಗೆ ಬಂದಿದ್ದ ಮಾವನಿಗೆ. ಮಾವ ಗೋಡೆ ಹಿಡಿದು ಮೆಟ್ಟಿಲಿಳಿದರು. ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಟಾರ್ಪಾಲು ಕಂಡಿತು. ಅದರ ಅಡಿಯಲ್ಲಿ ತಮ್ಮ ಎರಡು ಅಕ್ಷರ ಮುಸುಕು ಹಾಕಿಕೊಂಡು ಕೂತಿದ್ದವು.

"ಬಿಸಿಲಿಗೇನಮ್ಮ ಇದು?"

ಸುಳ್ಳು ಹೇಳಬಹುದಿತ್ತು. ಆದರೆ ತಿಂಗಳು ಮುಗಿಯುತ್ತ ಬಂದಿತ್ತು. ಸೊಸೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅಲ್ಲ ಮಾವ. ನಿಮ್ಮ ಅಕ್ಷರದಲ್ಲಿ ಒಂದೂ ತಪ್ಪಿಲ್ಲ. ಹೆಸರೇ ನನಗೆ ಭಾರ ಆಗ್ತಿದೆ. ಹೀಗೇ ಆದ್ರೆ ಬರೋ ವಾರ ಹಾಸ್ಟೆಲ್ಲಿಗೆ ವಾಪಸು ಹೋಗ್ಬೇಕು."

ಮಾವ ಗೋಡೆ ಹಿಡಿದು ಮತ್ತೆ ಮೆಟ್ಟಿಲು ಹತ್ತಿದರು. ಹಿತ್ತಿಲಿಗೆ ಹೋಗಿ ಜಪಮಣಿ ಹಿಡಿದರು. ಮಧ್ಯಾಹ್ನ ಊಟಕ್ಕೆ ಕರೆದರೆ ಬೇಡವೆಂದರು. ಅದು ವಾರಕ್ಕೊಮ್ಮೆ ಅವರು ಹಿಡಿಯುವ ವ್ರತದ ದಿನವೂ ಅಲ್ಲ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಸೊಸೆಗೆ ಕಣ್ಣು ತುಂಬಿತು. ಬೇಕರಿ ಉಳಿಸಲು ಹೋಗಿ ಮನೆಯ ಹಿರಿಜೀವವನ್ನೇ ನೋಯಿಸಿದೆನಲ್ಲ ಎಂದು ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಅವಳ ಹಿಂದಿನಿಂದ ಅತ್ತೆ ಬಂದರು. ತಟ್ಟೆ ಕಿತ್ತುಕೊಂಡು ಗಂಡನ ಮುಂದೆ ಠಪ್ಪೆಂದು ಇಟ್ಟರು. ಬೋರ್ಡು ಏರಿದ ದಿನದಿಂದ ಬಿಗಿದಿದ್ದ ತುಟಿ ಸಡಿಲವಾಯಿತು.

"ಮದುವೆಯಾದಾಗಿಂದ ಇದೊಂದೇ ಹೇಳ್ತಾ ಬಂದಿದೀನಿ. ಸಿಟ್ಟು ಬಂದ್ರೆ ಉಪವಾಸ, ಸೋತ್ರೆ ಉಪವಾಸ. ಇನ್ನು ಸಾಕು. ಉಪವಾಸ ಬೇಡ ರೀ, ಏಳಿ."

ಮಾವನ ಬೆರಳು ಮಣಿಯ ಮೇಲೆ ನಿಂತಿತು. "ಏನಂದೆ?"

"ಕಿವಿಯೂ ಹೋಯ್ತಾ? ಉಪವಾಸ ಬೇಡ ರೀ ಅಂದೆ."

ಮಾವ ಆ ಮಾತನ್ನು ಬಾಯಲ್ಲಿ ಎರಡು ಸಲ ಹೊರಳಿಸಿದರು, ರುಚಿ ನೋಡುವವರಂತೆ. ಆಮೇಲೆ ಗಬಗಬನೆ ಊಟ ಮುಗಿಸಿ, ಕೈ ತೊಳೆಯುವ ಮೊದಲೇ ಏಣಿ ತರಲು ಹೇಳಿದರು. ಅತ್ತೆ ಬೈಯುತ್ತ ಏಣಿ ಹಿಡಿದರು, ಸೊಸೆ ಬಣ್ಣದ ಡಬ್ಬಿ ಹಿಡಿದಳು. ಟಾರ್ಪಾಲು ಕೆಳಗೆ ಬಿತ್ತು. ಬೇಕರಿಯ 'ಕ' ಮೇಲೆ ಮಾವ ಹಳದಿ ಬಳಿದು, ಅದು ಒಣಗುವ ತನಕ ಮಂಡಿ ನೀವಿಕೊಳ್ಳುತ್ತ ಏಣಿಯ ಮೇಲೆಯೇ ಕೂತಿದ್ದರು. ಆಮೇಲೆ ಕೆಂಪಿನಲ್ಲಿ ಒಂದು 'ಡ' ಬರೆದರು.

ಉಪವಾಸ ಬೇಡರಿ.

ಮೊದಲು ನಕ್ಕವನು ಕ್ಷೌರಿಕ. ನಗುತ್ತಲೇ ಅರ್ಧ ಬೋಳಿಸಿದ ಗಿರಾಕಿಯನ್ನು ಕೂರಿಸಿಬಿಟ್ಟು ಬಂದು ಬನ್ನು ಕೊಂಡ. ಆ ಗಿರಾಕಿಯೂ ಅರ್ಧ ಗಡ್ಡದಲ್ಲೇ ಹಿಂದೆ ಬಂದ. ನಗು ಬೀದಿಯ ತುದಿಗೆ ಹೋಗಿ ಅಲ್ಲಿಂದ ಜನರನ್ನು ಕರೆತಂದಿತು. ದಪ್ಪನೆಯ ಮಹಾಶಯರು ಬೋರ್ಡು ಓದಿ, ನೀವೇ ಬೇಡವೆಂದ ಮೇಲೆ ನನ್ನದೇನಿದೆ ಎಂದು ಕೈಚೀಲ ಬಿಚ್ಚಿದರು. ಸಂಜೆ ಮನೆಯವರಿಗೆ ತಿನ್ನಲು ಬ್ರೆಡ್ಡಿನ ಒಂದು ಚೂರೂ ಉಳಿಯಲಿಲ್ಲ. ತಿಂಗಳ ಕೊನೆಗೆ, ವಾಪಸು ಬರುತ್ತೀಯಾ ಎಂದು ಕೇಳಲು ಹಾಸ್ಟೆಲಿನಿಂದ ಆಳು ಬಂದ. ಅವನ ಕೈಯಲ್ಲಿ ಸೊಸೆ ಮೇಲ್ವಿಚಾರಕಿಗೆ ಬಿಸಿ ಬನ್ನು ಕಟ್ಟಿ ಕಳಿಸಿದಳು. ಬೇರೆ ಉತ್ತರ ಬೇಕಾಗಲಿಲ್ಲ.

ಈಗ ಮಾವ ಹಿತ್ತಿಲು ಬಿಟ್ಟು, ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ವಾರಕ್ಕೊಮ್ಮೆಯ ವ್ರತ ಬಿಟ್ಟಿಲ್ಲ. ಆ ದಿನ ಸೊಸೆ ಸಂಜೆಗೆಂದು ಒಂದು ಬನ್ನನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಬೆಚ್ಚಗಿನ ಮೂಲೆಯಲ್ಲಿ ತೆಗೆದಿಡುತ್ತಾಳೆ. ಹೊರಗೆ ಅಂಥ ಬೋರ್ಡು, ಒಳಗೆ ನೀವೇ ಉಪವಾಸವೇ ಎಂದು ಗಿರಾಕಿಗಳು ಕೆಣಕಿದರೆ, "ಬೋರ್ಡು ನಿಮಗಪ್ಪ" ಎನ್ನುತ್ತಾರೆ ಮಾವ. "ನಾನು ಸುಮ್ನೆ ಹತ್ರ ಕೂತಿದೀನಿ."