ಕೃತ್ತಿಕೆಯಲ್ಲಿ ಕಾಣದ ಎರಡು

ಮತ್ತೊಂದು ಚುಕ್ಕಿ, ಬಲಕ್ಕೆ, ಒತ್ತಿದೆ, ಅದು ಹೋಯಿತು, ಈಗ ಮೇಲೆ, ತೀರಾ ಮಂಕಾಗಿ, ಒತ್ತಿದೆ — ಗದ್ದವನ್ನು ಈ ತಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಊರಿ, ಹಣೆಯನ್ನು ಪಟ್ಟಿಗೆ ಒತ್ತಿಕೊಂಡು, ಎಡಗಣ್ಣು ಮುಚ್ಚಿಸಿಕೊಂಡು ಕೂತಿದ್ದೇನೆ, ಎದುರಿಗೆ ದೊಡ್ಡದೊಂದು ಬಿಳಿಯ ಬೋಗುಣಿಯಂಥ ಯಂತ್ರ, ಅದರೊಳಗೆ ನನ್ನ ಮುಖ, ನಡುವಿನ ಹಳದಿ ದೀಪ ಬಿಟ್ಟು ಬೇರೆಲ್ಲೂ ನೋಡಬೇಡಿ ಶಿವರಾಮು ಅವರೇ, ಬೆಳಕು ಎಲ್ಲಿ ಕಂಡ್ರೂ ಕೈಲಿರೋ ಗುಂಡಿ ಒತ್ತಿ, ಕಾಣದಿದ್ರೆ ಸುಮ್ನಿರಿ, ಅಂದರು ಕಣ್ಣಾಸ್ಪತ್ರೆಯ ಸಿಸ್ಟರ್, ಎಷ್ಟು ಸುಲಭವಾಗಿ ಅಂದುಬಿಟ್ಟರು, ಕಾಣದಿದ್ದರೆ ಸುಮ್ಮನಿರುವುದು ಹೇಗೆ, ಯಂತ್ರ ಸುಮ್ಮನಿಲ್ಲವಲ್ಲ, ಟಿಕ್ ಅನ್ನುತ್ತದೆ, ಟಿಕ್ ಅಂದರೆ ಎಲ್ಲೋ ಒಂದು ಚುಕ್ಕಿ ಹಚ್ಚಿದೆ ಅಂತ ತಾನೇ, ಎಲ್ಲಿ ಹಚ್ಚಿದೆ — ಟಿಕ್, ಇಲ್ಲ, ಟಿಕ್, ಇಲ್ಲ, ಟಿಕ್, ಅಯ್ಯೋ ದೇವರೇ, ಇದೂ ಇಲ್ಲ, ಬೋಗುಣಿಯಲ್ಲಿ ಬರೀ ಬಿಳುಪು, ಒಂದು ಕಲೆ ಇಲ್ಲ, ಕತ್ತಲೂ ಇಲ್ಲ, ಕತ್ತಲಾದರೂ ಇದ್ದಿದ್ದರೆ ಇಲ್ಲಿ ಕುರುಡಾಗಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು, ಕತ್ತಿನ ಹಿಂದೆ ಬೆವರು ಇಳಿದು ಕಾಲರಿನೊಳಗೆ ಹೋಗುತ್ತಿದೆ, ಒರೆಸಿಕೊಳ್ಳುವ ಹಾಗಿಲ್ಲ, ಅಲುಗಾಡಬೇಡಿ ಅಂದಿದ್ದಾರೆ, ಓ ಬಂತು, ಎಡಕ್ಕೆ, ಒತ್ತಿದೆ, ಒತ್ತಿದೆ, ಹೊರಗೆ ಬೆಂಚಿನ ಮೇಲೆ ಪದ್ಮ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಅಷ್ಟು ಸದ್ದಿಲ್ಲದೆ ಕೂತದ್ದನ್ನು ನಾನು ನೋಡಿಲ್ಲ.

ಆ ಟೆಲಿಸ್ಕೋಪು ಕಟ್ಟದೇ ಹೋಗಿದ್ದರೆ ಇವತ್ತು ವಾರದ ರಜೆ, ಮನೆಯಲ್ಲಿ ಮಲಗಿರುತ್ತಿದ್ದೆ, ನಾಳೆ ಎದ್ದು ಬಸ್ ತೆಗೆಯುತ್ತಿದ್ದೆ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ — ಇದೆಲ್ಲ ಲಕ್ಷ್ಮೀನರಸಿಂಹ ಮೇಷ್ಟ್ರು ಹಚ್ಚಿದ ಹುಚ್ಚು, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ರಾಜೀವನಗರದ ನನ್ನ ಮೊದಲ ಟ್ರಿಪ್ಪಿಗೆ ವಾಕಿಂಗ್ ಶೂ ಹಾಕಿಕೊಂಡು ಬಂದು ಡ್ರೈವರ್ ಸೀಟಿನ ಹಿಂದೆಯೇ ಕೂರುವವರು, ಒಂದು ಬೆಳಗಿನ ಜಾವ ಬಸ್ಸಿನ ಗಾಜಿನಾಚೆ ಮನೆಗಳ ಮೇಲೆ ಬೆಳ್ಳಗೆ ಉರಿಯುತ್ತಿದ್ದದ್ದನ್ನು ನೋಡಿ ವಿಮಾನ ಇನ್ನೂ ಅಲ್ಲೇ ನಿಂತಿದೆಯಲ್ಲ ಸರ್ ಅಂದೆ, ಅದು ಶುಕ್ರ ಕಣ್ರೀ ಶಿವರಾಮು, ಟೆಲಿಸ್ಕೋಪಲ್ಲಿ ನೋಡಿದ್ರೆ ಪುಟ್ಟ ಚಂದ್ರನ ಹಾಗೆ ಅರ್ಧ ಕಾಣುತ್ತೆ, ಅಂದರು, ಅಷ್ಟೇ, ಆವತ್ತಿನಿಂದ ನನಗೆ ಅದೇ ಧ್ಯಾನ, ಅಂಗಡಿಯ ಹೊಸ ಟೆಲಿಸ್ಕೋಪು ನಮ್ಮಂಥವರಿಗೆ ಎಟುಕುವುದಲ್ಲ ಅಂತ ಮೇಷ್ಟ್ರಿಗೆ ಹೇಳಿದರೆ ಹೊಸದು ಯಾಕ್ರೀ, ಒಳ್ಳೇ ಕನ್ನಡಿ ಒಂದಿದ್ರೆ ಮಿಕ್ಕಿದ್ದು ನೀವೇ ಕಟ್ಕೋಬೋದು, ಇಂಜಿನ್ ಬಿಚ್ಚೋರು ಇಷ್ಟು ಮಾಡಲ್ವ, ಅಂದು ತಮ್ಮ ಬೀರುವಿನಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಅಂಗೈಯಗಲದ ಗುಳಿಗನ್ನಡಿಯನ್ನು ಕೊಟ್ಟೇಬಿಟ್ಟರು, ಕಣ್ಣಿಟ್ಟು ನೋಡುವ ಪುಟ್ಟ ಮಸೂರ ಪೋಸ್ಟಿನಲ್ಲಿ ಬಂತು, ಲಷ್ಕರ್ ಮೊಹಲ್ಲಾದ ಪೈಪಿನಂಗಡಿಯಲ್ಲಿ ಆರಿಂಚಿನ ಪಿವಿಸಿ ಪೈಪು ಮೂರಡಿಗಿಂತ ಸ್ವಲ್ಪ ಉದ್ದಕ್ಕೆ ಕುಯ್ಯಿಸಿಕೊಂಡು ಬಸ್ಸಿಗೆ ಹತ್ತಿಸಿದಾಗ ನನ್ನ ಕಂಡಕ್ಟರ್ ರೇವಣಸಿದ್ದ, ವಿಜಯಪುರದ ಕಡೆಯವನು, ಏನ್ರಿ ಅಣ್ಣಾರ, ಬಸ್ಸಿನ್ಯಾಗ ಬೋರ್ ಹೊಡಸಾಕತ್ತೀರೇನು ಅಂತ ನಕ್ಕ, ಕುಂಬಾರಕೊಪ್ಪಲಿನ ಮನೆಗೆ ಬಂದರೆ ಪದ್ಮ, ಮೋರಿ ಪೈಪು ತಂದ್ಬುಟ್ಟು ಚಂದ್ರನ್ನ ನೋಡ್ತೀನಿ ಅಂತೀರಲ್ಲ, ಅಂದವಳೇ ತಾನೂ ಕೂತು ಒಳಗೆಲ್ಲ ಕಪ್ಪುಹಲಗೆಯ ಬಣ್ಣ ಬಳಿದಳು, ಮೊಣಕೈವರೆಗೂ ಕಪ್ಪು ಮಾಡಿಕೊಂಡಳು, ಮುರಿದ ತಿರುಗುವ ಕುರ್ಚಿಯ ತಳ ಟೆಲಿಸ್ಕೋಪಿನ ಪೀಠವಾಯಿತು, ಬೆಳಕನ್ನು ಮಸೂರದ ಕಡೆಗೆ ತಿರುಗಿಸುವ ಇನ್ನೊಂದು ಚಿಕ್ಕ ಕನ್ನಡಿಯನ್ನು ಗರಗಸದ ಬ್ಲೇಡಿನ ತುಂಡುಗಳು ಪೈಪಿನ ನಡುವೆ ತೂಗಿ ಹಿಡಿದವು, ಬುಡದಲ್ಲಿ ದೊಡ್ಡ ಕನ್ನಡಿ, ಅದರ ಹಿಂದೆ ಮೂರು ಬೋಲ್ಟು, ಗ್ಯಾರೇಜಿನ ಸ್ಪ್ರಿಂಗು, ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಅದರಲ್ಲಿ ಕಣ್ಣಿಟ್ಟು ಬೋಲ್ಟುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು, ವೃತ್ತದೊಳಗೆ ವೃತ್ತ, ಅದರೊಳಗೆ ಇನ್ನೊಂದು, ಎಲ್ಲ ಒಂದೇ ನಡುವಿಗೆ ಬಂದು ಕೂರಬೇಕು, ಮೂರು ವಾರದ ರಜೆ ಹಿಡಿಯಿತು, ಕೊನೆಗೆ ಬಂದು ಕೂತಾಗ ಎಲ್ಲಕ್ಕಿಂತ ಒಳಗೆ, ಆಳದಲ್ಲಿ, ನನ್ನದೇ ಕಣ್ಣು ನನ್ನನ್ನು ನೋಡುತ್ತಿತ್ತು, ಎಷ್ಟು ಖುಷಿಪಟ್ಟಿದ್ದೆ, ಏನೂ ತಿಳಿಯದ ಪೆದ್ದ, ನನ್ನ ಕಣ್ಣು ಎಂದು ಪದ್ಮಳನ್ನು ಕೂಗಿ ತೋರಿಸಿದ್ದೆ.

ಟಿಕ್, ಇಲ್ಲ, ಟಿಕ್, ಕೆಳಗೆ, ಒತ್ತಿದೆ — ಮೊನ್ನೆ ಭಾನುವಾರವೂ ಹೀಗೇ, ಸಂಜೆ ಏಳೂವರೆ, ತಾರಸಿ, ನೆತ್ತಿಯ ಮೇಲೆ ಕೃತ್ತಿಕೆ, ಬರಿಗಣ್ಣಿಗೆ ಆರೇಳು ಚುಕ್ಕಿಯ ಸಣ್ಣ ಗೊಂಚಲು, ಟೆಲಿಸ್ಕೋಪಿನಲ್ಲಿ ನೋಡಿದರೆ ಅಕ್ಕಿ ಚೆಲ್ಲಿದ ಹಾಗೆ, ಬಾ ಪದ್ಮ ಬಾ ಅಂದೆ, ಅವಳು ಕಣ್ಣಿಟ್ಟು, ಆ ಕೆಳಗಡೆ ಎರಡು ಅಂಟ್ಕೊಂಡಂಗೆ ಇದಾವಲ್ಲ, ಪುಟ್ಟವು, ಅವು ಎಷ್ಟು ಚೆನ್ನಾಗವೆ, ಅಂದಳು, ಯಾವ ಎರಡು, ನಾನು ನೋಡಿದೆ, ಕೆಳಗೆ ಏನೂ ಇಲ್ಲ, ಬರೀ ಆಕಾಶ, ಸರಿಯಾಗ್ ನೋಡಿ, ಇದಾವೆ, ಅಂದಳು, ಇಲ್ಲ ಕಣೇ, ಇದಾವೆ ಕಣ್ರೀ — ಕನ್ನಡಿ ಸರಿದಿರಬೇಕು ಎಂದು ಬೋಲ್ಟು ಬಿಗಿಮಾಡಿದೆ, ಮಸೂರಕ್ಕೆ ಉಸಿರು ಬಿಟ್ಟು ಒರೆಸಿದೆ, ಮಸೂರವನ್ನು ಅದರ ತೂತಿನಲ್ಲೇ ಸುತ್ತು ತಿರುಗಿಸಿದೆ, ಮಸೂರದಲ್ಲಿ ಐಬಿದ್ದರೆ ಅದರ ಜೊತೆ ಇಲ್ಲದ ಜಾಗವೂ ತಿರುಗಬೇಕಲ್ಲ, ತಿರುಗಲಿಲ್ಲ, ಕೆಳಗೇ ನಿಂತಿತ್ತು, ಸಿಟ್ಟು ಬಂತು, ಸಿಟ್ಟಲ್ಲ ಅದು, ಭಯ, ಆದರೆ ಆಗ ಸಿಟ್ಟು ಅಂದುಕೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ, ನೀವು ಕೊಟ್ಟ ಕನ್ನಡೀಲಿ ಏನೋ ಐಬಿದೆ ಸರ್, ಎರಡು ನಕ್ಷತ್ರ ಕಾಣ್ತಾನೇ ಇಲ್ಲ, ಅವರು ಸಾವಧಾನವಾಗಿ ಎಲ್ಲ ಕೇಳಿದರು, ನಿಮ್ಮ ಮನೆಯೋರಿಗೆ ಕಾಣುತ್ತಾ, ಕಾಣುತ್ತಂತೆ ಸರ್, ಅವರು ಮೆಲ್ಲಗೆ, ಶಿವರಾಮು, ಇನ್ನೊಂದು ಕಣ್ಣಲ್ಲಿ ನೋಡಿದ್ರಾ, ಅಂದರು. ಫೋನು ಕಿವಿಯಲ್ಲೇ ಇಟ್ಟುಕೊಂಡು ಎಡಗಣ್ಣು ಇಟ್ಟೆ, ಆ ಎರಡೂ ಬಂದವು, ಪುಟ್ಟವು, ಅಂಟಿಕೊಂಡಂತೆ, ನಿಜವಾಗಿಯೂ ಚೆನ್ನಾಗಿದ್ದವು, ಆದರೆ ಈಗ ಬಲಗಡೆಯಲ್ಲಿದ್ದ ಇನ್ನೊಂದು ಇಲ್ಲ, ಈಗ ತಾನೇ ಎಣಿಸಿದ್ದು ಅದು, ಸರಿಹೋಯ್ತು ಸರ್ ಅಂತ ಹೇಳಿ ಫೋನ್ ಇಟ್ಟೆ, ಮತ್ತೆ ಬಲಗಣ್ಣು, ಮತ್ತೆ ಎಡಗಣ್ಣು ಇಟ್ಟು ನೋಡಿದ್ದು ಪದ್ಮಳಿಗೆ ಕಂಡಿತು, ಅವಳಿಗೆ ಎಲ್ಲ ಕಾಣುತ್ತದೆ, ನಾಳೆ ಕೆಲ್ಸಕ್ಕೆ ಹೋಗ್ಬೇಡಿ, ಆಸ್ಪತ್ರೆಗೆ ಹೋಗೋಣ, ಅಂದಳು, ಮಂಗಳವಾರ ಹೇಗೂ ರಜೆ, ಒಂದು ದಿನದಲ್ಲಿ ಏನಾಗುತ್ತೆ ಅಂದೆ, ಹಾಗೆ ಅಂದವನು ನಾನೇ — ಸೋಮವಾರ ಬಸ್ ತೆಗೆದೆ, ಜನ ತುಂಬಿದ ಬಸ್ಸು, ಎದುರಿಗೆ ಬೈಕು, ಆಟೊ, ದನ, ಕೈಹಿಡಿದು ದಾಟುವ ಮುದುಕರು, ಇವರಲ್ಲಿ ಎಷ್ಟು ಜನ ನನಗೆ ಕಾಣುತ್ತಿದ್ದಾರೆ, ಎಷ್ಟು ಜನ ಕಾಣುತ್ತಿಲ್ಲ, ಕಾಣದವರನ್ನು ಎಣಿಸುವುದು ಹೇಗೆ, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮುಚ್ಚಿದೆ, ಕೋಳಿಯ ಹಾಗೆ ಕತ್ತು ಆಡಿಸಿದೆ, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿದೆ, ಎತ್ತಿನ ಗಾಡಿ ಹೊಡ್ಯಾಕತ್ತೀರೇನ್ರಿ ಅಣ್ಣಾರ ಇವತ್ತ, ಎಂದ ರೇವಣಸಿದ್ದ, ನಗುತ್ತಲೇ ಅಂದ, ಕನ್ನಡಿಯಲ್ಲಿ ನೋಡಿದರೆ ಅವನು ನಗುತ್ತಿರಲಿಲ್ಲ.

ಈಗ ಎಡಗಣ್ಣು, ಅಂದರು ಸಿಸ್ಟರ್, ಬಲಗಣ್ಣು ಮುಚ್ಚಿದರು, ಗದ್ದ ಊರಿದೆ, ಹಳದಿ ದೀಪ, ಟಿಕ್, ಒತ್ತಿದೆ, ಟಿಕ್, ಇಲ್ಲ — ಇದು ಕಾಗದದಲ್ಲಿ ಬರುತ್ತದೆ, ಕಾಗದ ಡಿಪೊಗೆ ಹೋಗುತ್ತದೆ, ಇಪ್ಪತ್ತೆರಡು ವರ್ಷ ಸ್ಟೇರಿಂಗು ಹಿಡಿದ ಕೈ ಇವು, ಬೇರೆ ಏನು ಹಿಡಿಯಬಲ್ಲವು, ಪ್ರತಿ ಸಲದ ತಪಾಸಣೆಯಲ್ಲೂ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ್ದೇನಲ್ಲ, ಭೇಷ್ ಅನ್ನಿಸಿಕೊಂಡಿದ್ದೇನಲ್ಲ, ಅಕ್ಷರ ಕಾಣುವವನಿಗೆ ಹೀಗೆ ಹೇಗಾಗುತ್ತದೆ — ಟಿಕ್, ಇಲ್ಲ, ಟಿಕ್, ಇಲ್ಲ, ಆಗ ಗೊತ್ತಾಯಿತು ನನಗೆ, ಕಾಣಬೇಕಾಗಿಯೇ ಇಲ್ಲ, ಕೇಳಿದರೆ ಸಾಕು, ಟಿಕ್ ಅಂದಾಗ ಒತ್ತಿದರೆ ಆಯಿತು, ಬೆರಳು ತಾನಾಗಿಯೇ ಒತ್ತಿತು, ಟಿಕ್, ಒತ್ತಿದೆ, ಟಿಕ್, ಒತ್ತಿದೆ, ಎಷ್ಟು ಹಗುರ, ಬೋಗುಣಿಯ ತುಂಬ ಏನೂ ಇಲ್ಲ, ನಾನು ಎಲ್ಲವನ್ನೂ ಕಾಣುತ್ತಿದ್ದೇನೆ, ನಾಳೆ ಬಸ್ ತೆಗೆಯುತ್ತೇನೆ, ಟಿಕ್, ಒತ್ತಿದೆ, ಆಗ ಯಂತ್ರ ನಿಂತಿತು. ಸರ್, ಒಂದು ನಿಮಿಷ, ಅಂದರು ಸಿಸ್ಟರ್, ಗದರಿಸಲಿಲ್ಲ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು, ನಡುನಡುವೆ ಮಷೀನು ಬರೀ ಸದ್ದು ಮಾಡುತ್ತೆ ಸರ್, ಬೆಳಕು ಹಾಕಲ್ಲ, ಅದಕ್ಕೂ ನೀವು ಒತ್ತಿದೀರಿ, ಅಂದರು, ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು, ಭಯ ಆಗ್ತಿದೆಯಾ, ಎಲ್ರಿಗೂ ಆಗುತ್ತೆ, ನೀರು ಕುಡೀರಿ, ಇನ್ನೊಂದ್ಸಲ ಮಾಡೋಣ, ಕುಡಿದೆ, ಮತ್ತೆ ಗದ್ದ ಊರಿದೆ, ಈ ಸಲ ಟಿಕ್ ಅಂದಾಗಲೆಲ್ಲ ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದೆ, ಕಂಡರೆ ಮಾತ್ರ, ಕಂಡರೆ ಮಾತ್ರ, ಎಷ್ಟೊಂದು ಸಲ ಎತ್ತಿ ಹಿಡಿದಿದ್ದೆ ಎಂದರೆ ಕೊನೆಗೆ ಬೆರಳು ಮರಗಟ್ಟಿತ್ತು.

ಡಾಕ್ಟರ್ ಮಾಲವಿಕಾ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಎರಡು ಕಾಗದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು, ಎರಡು ದುಂಡಗಿನ ಚಿತ್ರ, ಬೂದಿಯ ಬಣ್ಣ, ಎರಡರಲ್ಲೂ ಬಾಳೆಹಣ್ಣಿನ ಹಾಗೆ ಬಾಗಿದ ಕಪ್ಪು, ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಸಾಯ್ತಾ ಬರುತ್ತೆ, ಗ್ಲಾಕೋಮಾ ಅಂತಾರೆ, ಹೋಗಿರೋದು ವಾಪಸ್ ಬರಲ್ಲ, ಆದರೆ ದಿನಾ ಔಷಧಿ ಬಿಟ್ಟುಕೊಂಡ್ರೆ ಇರೋದನ್ನ ಉಳಿಸಿಕೊಳ್ಳಬಹುದು, ಬೇಗ ಬಂದಿದೀರಿ, ಸುಮಾರು ಜನ ಇದಕ್ಕಿಂತ ಎಷ್ಟೋ ಹಾಳಾದ ಮೇಲೆ ಬರ್ತಾರೆ, ಅಂದರು, ಬೇಗ ಬಂದಿದೀವಾ, ಅಂದಳು ಪದ್ಮ, ನಾನು ಕಪ್ಪನ್ನು ಬೆರಳಲ್ಲಿ ಮುಟ್ಟಿದೆ, ಇಲ್ಲಿ ಕಪ್ಪಿದೆಯಲ್ಲ ಡಾಕ್ಟ್ರೇ, ನನಗೆ ಎಲ್ಲೂ ಕಪ್ಪು ಕಾಣಲ್ವಲ್ಲ, ಕಾಣಲ್ಲ, ಅಂದರು ಅವರು, ಅದೇ ಇದರ ಕಷ್ಟ, ಕಣ್ಣು ಕೊಡದ ಕಡೆ ಮಿದುಳು ಅಕ್ಕಪಕ್ಕದ್ದನ್ನೇ ತಂದು ತುಂಬಿಸಿಬಿಡುತ್ತೆ, ಪಕ್ಕದಲ್ಲಿ ಗೋಡೆ ಇದ್ರೆ ಅಲ್ಲೂ ಗೋಡೆ, ರಸ್ತೆ ಇದ್ರೆ ಅಲ್ಲೂ ರಸ್ತೆ, ಖಾಲಿ ರಸ್ತೆ — ಅವರು ಇನ್ನೂ ಏನೋ ಹೇಳುತ್ತಿದ್ದರು, ನನಗೆ ಕೇಳಲಿಲ್ಲ, ಖಾಲಿ ರಸ್ತೆ, ಮೂರು ವಾರದ ಹಿಂದೆ, ಮಧ್ಯಾಹ್ನ ನಾಲ್ಕು ಗಂಟೆ, ರಾಜೀವನಗರದ ತಿರುವು, ಖಾಲಿ ರಸ್ತೆ, ತಿರುಗಿಸಿದೆ, ಇದ್ದಕ್ಕಿದ್ದಂತೆ ಬಂಪರಿನ ಮುಂದೆ ಸೈಕಲ್ಲು, ಯೂನಿಫಾರ್ಮಿನ ಹುಡುಗಿ, ಬ್ರೇಕ್, ಬಸ್ಸಿನೊಳಗೆ ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು, ಗೇಣು, ಒಂದೇ ಗೇಣು, ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಎಲ್ಲಿಂದ ಬಂದ್ಬುಟ್ಟೆ, ಕಣ್ಣು ಕಾಣಲ್ವ ನಿಂಗೆ, ಅಂತ ಬೈದೆ, ಕಣ್ಣು ಕಾಣಲ್ವ ಅಂತ, ನಾನು, ರೇವಣಸಿದ್ದ ಇಳಿದು ಹೋಗಿ ಸೈಕಲ್ಲು ಎತ್ತಿಕೊಟ್ಟು ಬಂದು, ಹುಡುಗೀದೇನ್ ತಪ್ಪಿಲ್ಲ ಬಿಡ್ರಿ ಅಣ್ಣಾರ, ಮುಂದ ಇತ್ತದು, ಅಂದ, ಅವನ ಮೇಲೆ ಸಂಜೆಯವರೆಗೂ ಮುನಿಸಿಕೊಂಡಿದ್ದೆ — ಶಿವರಾಮು ಅವರೇ, ಏನು ಕೆಲಸ ಮಾಡ್ತೀರಿ, ಡಾಕ್ಟರು ಎರಡನೇ ಸಲ ಕೇಳುತ್ತಿದ್ದರು, ಫೈಲಿನಲ್ಲಿ ಬರೀ ನೌಕರಿ ಅಂತ ಬರೆಸಿದ್ದೆ, ಪದ್ಮ ನೆಲ ನೋಡುತ್ತಿದ್ದಳು, ಸಿಟಿ ಬಸ್ ಡ್ರೈವರ್, ಅಂದೆ, ಪೆನ್ನು ನಿಂತಿತು, ಇನ್ನು ಓಡಿಸೋ ಹಾಗಿಲ್ಲ, ಅಂದರು, ಗೊತ್ತು ಡಾಕ್ಟ್ರೇ, ಅದನ್ನ ಕಾಗದದಲ್ಲಿ ಬರೆದುಕೊಡಿ, ನನ್ನ ಹೆಸರು ಹಾಕಿ ಬರೆದುಕೊಡಿ, ಇಲ್ಲಾಂದ್ರೆ ನಾನು ನಾಳೆ ಬೆಳಿಗ್ಗೆ ಹೋಗಿ ಸ್ಟೇರಿಂಗ್ ಹಿಡೀತೀನಿ, ನನ್ನ ಬುದ್ಧಿ ನನಗೆ ಗೊತ್ತು.

ಬರೆದುಕೊಟ್ಟರು, ಮಡಿಸಿದ ಕಾಗದ ಜೇಬಿನಲ್ಲಿದೆ, ಡಿಪೊಗೆ ಫೋನ್ ಮಾಡಿ ಹೇಳಿಯೂ ಆಯಿತು, ಬೆಳಿಗ್ಗೆ ಬನ್ನಿ, ಒಳಗಡೆ ಯಾವುದಾದರೂ ಕೆಲಸ ನೋಡೋಣ ಅಂದಿದ್ದಾರೆ, ನೋಡುತ್ತಾರೋ ಇಲ್ಲವೋ, ಆಸ್ಪತ್ರೆಯ ಗೇಟಿನಲ್ಲಿ ಪದ್ಮ ನನ್ನ ಮೊಣಕೈ ಹಿಡಿದಿದ್ದಾಳೆ, ಬಿಡು, ನಡೆಯೋಕಾಗುತ್ತೆ ಅಂದರೂ ಬಿಡಲಿಲ್ಲ, ರಸ್ತೆ ದಾಟಬೇಕು, ಎಡಕ್ಕೆ ನೋಡಿದೆ, ಖಾಲಿ, ಬಲಕ್ಕೆ ನೋಡಿದೆ, ಖಾಲಿ, ಹೋಗೋಣ ಬನ್ನಿ ಅಂತ ಪದ್ಮ ಎಳೆಯುತ್ತಿದ್ದಾಳೆ, ಕಾಲು ಏಳುತ್ತಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಇನ್ನೆಷ್ಟು ಖಾಲಿ ರಸ್ತೆ, ಯಾವಾಗಿನಿಂದ ಶುರುವಾಯಿತು ಇದು, ಹೋದ ವರ್ಷವಾ, ಅದರ ಹಿಂದಿನ ವರ್ಷವಾ, ಖಾಲಿ, ಪೂರ್ತಿ ಖಾಲಿ, ಬಿಸಿಲು ಬಿದ್ದ ಡಾಂಬರು, ಅದರ ನಡುವೆ ಆವತ್ತು ಮಗುಚಿಬಿದ್ದ ಸೈಕಲ್ಲು, ಮುಂದಿನ ಚಕ್ರ ತಿರುಗುತ್ತಲೇ ಇದೆ, ಒಂದು ಕಾಲಿನ ಚಪ್ಪಲಿ ಕಳಚಿಹೋದ ಹುಡುಗಿ ಬಂಪರಿಗೆ ಅಂಗೈ ಊರಿ ನಿಂತಿದ್ದಾಳೆ, ಅಳುತ್ತಿಲ್ಲ, ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಾಳೆ, ಚಕ್ರ ತಿರುಗುತ್ತಲೇ ಇದೆ, ಆಗ್ಲಿಂದ ಇಲ್ಲೇ ಇದ್ನಲ್ಲ ಅಂಕಲ್, ಅನ್ನುತ್ತಾಳೆ, ಆಗ್ಲಿಂದ ಇಲ್ಲೇ ಇದ್ನಲ್ಲ.