ಹಂಚಿ ತಿಂದ ಮಾತ್ರೆ

"ಹಂಚ್ಕೊಂಡು ತಿಂದ್ಯಾ? ಮಾತ್ರೇನ ಮಠದ ಪ್ರಸಾದ ಅಂದ್ಕೊಂಡ್ಯೇನೇ?"

ಡಾಕ್ಟರ್ ಓಂಕಾರೇಶ್ ಹೀಗೆಂದಾಗ ಆಸ್ಪತ್ರೆಯ ಬಾಗಿಲ ತನಕ ನಿಂತಿದ್ದ ಸಾಲು ಕಿಸಕ್ಕೆಂದಿತು. ಭಾಗಮ್ಮ ಸೆರಗು ಕಚ್ಚಿಕೊಂಡು ನೆಲ ನೋಡಿದಳು. ಹಂಚಿಕೊಂಡಿದ್ದು ನಿಜ. ಈರುಳ್ಳಿ ಕೀಳುವ ಹೆಣ್ಣಾಳುಗಳ ಗುಂಪಿನಲ್ಲಿ ಒಬ್ಬಳ ಬುತ್ತಿ ಒಬ್ಬಳದೇ ಆಗಿದ್ದ ದಿನವಿಲ್ಲ. ಒಂದು ವೀಳ್ಯದೆಲೆ ಸಿಕ್ಕರೂ ಹರಿದು ಬಾಯಿಗಿಡುವ ಜನ. ಕಳೆದ ಸಲ ಇವಳಿಗೆ ಮಾತ್ರೆ ಕೊಟ್ಟಾಗ ಜೊತೆಯಾಳು ಕೋಮಲಾಳಿಗೂ ಕೆಳಗೆ ಅದೇ ಉರಿ, ಅದೇ ಕೀವು. ಗಂಡ ಬಿಟ್ಟ ಹೆಣ್ಣು ಈ ಕಾಯಿಲೆ ಹೊತ್ತು ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? ಭಾಗಮ್ಮ ಮಾತ್ರೆಗಳನ್ನು ಅರ್ಧ ಪಾಲು ಮಾಡಿದಳು. ಇಬ್ಬರಿಗೂ ನಾಲ್ಕು ದಿನ ತಣ್ಣಗಾಗಿ ಮತ್ತೆ ಉರಿ ಹೊತ್ತಿಕೊಂಡಿತು.

ಅರೆಬರೆ ಮದ್ದು ತಿಂದು ತಿಂದು ರೋಗವೇ ಗಟ್ಟಿಯಾಗಿದೆ, ಆ ಮಾತ್ರೆಗೆ ಇನ್ನು ಬಗ್ಗುವುದಿಲ್ಲ ಎಂದು ಬೈದು, ಡಾಕ್ಟರು ಸ್ಯಾಂಪಲ್ಲನ್ನು ಶಿವಮೊಗ್ಗಕ್ಕೆ ಕಳಿಸಿ ಇಂಜೆಕ್ಷನ್ ಬರೆದರು. ಗಂಡನನ್ನೂ ಕರೆತರಬೇಕೆಂದರು. ಗಂಡ ಗಿಡ್ಡಪ್ಪ ಲಾರಿಯಿಂದ ಬಿದ್ದು ಸತ್ತು ವರ್ಷಗಳೇ ಆದವು ಎಂದಳು ಭಾಗಮ್ಮ.

"ಮತ್ತೆ ಯಾರು? ಅವನನ್ನೇ ಕರ್ಕೊಂಡು ಬಾ."

ಸಾಲು ಮತ್ತೆ ನಕ್ಕಿತು. ಹೆಸರು ಅವಳ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

ಸೂಜಿ ಚುಚ್ಚಿದ ನರ್ಸ್ ಯಶೋದಾ ಮಾತ್ರ ಮೆಲ್ಲಗೆ ಹೇಳಿದಳು: "ನೋಡು ಭಾಗಮ್ಮ, ಇದೇ ಕೊನೇ ಮದ್ದು. ಆ ಗಂಡ್ಸು ಸೂಜಿ ಹಾಕಿಸ್ಕೊಳ್ದೆ ಹತ್ರ ಬಂದ್ರೆ ಮತ್ತೆ ಅಂಟುತ್ತೆ. ಆಮೇಲೆ ಇದಕ್ಕೂ ಬಗ್ದೆ ಹೋದ್ರೆ ಕೊಡಕ್ಕೆ ನಮ್ಮತ್ರ ಏನೂ ಇಲ್ಲ."

ಆ ಗಂಡಸು ರುದ್ರಮೂರ್ತಿ. ಬುಕ್ಕಾಂಬುಧಿ ದಾರಿಯ ಈರುಳ್ಳಿ ಶೆಡ್ಡು ಅವನದು. ಅಲ್ಲಿ ಗಡ್ಡೆ ಆರಿಸುವ ಹೆಣ್ಣಾಳುಗಳಲ್ಲಿ ಯಾರನ್ನು ಒಳಕೋಣೆಗೆ ಚೀಲ ಜೋಡಿಸಲು ಕರೆದರೂ ಅವಳು ಹೋಗಬೇಕು. ಹೋಗದವಳಿಗೆ ಮರುದಿನ ಶೆಡ್ಡಿನಲ್ಲೂ ಕೆಲಸವಿಲ್ಲ, ಸುತ್ತಿನ ಹೊಲಗಳಲ್ಲೂ ಇಲ್ಲ. ಆಳುಗಳ ಚಹಾಕ್ಕೆ ಬೇರೆ ಲೋಟ ಇಟ್ಟವನಿಗೆ ಒಳಕೋಣೆಯಲ್ಲಿ ಮಾತ್ರ ಮೈಲಿಗೆ ನೆನಪಾಗುತ್ತಿರಲಿಲ್ಲ.

ಭಾಗಮ್ಮ ಶೆಡ್ಡಿನಲ್ಲಿ ಅವನೆದುರು ತಲೆ ತಗ್ಗಿಸಿಕೊಂಡೇ, ಆಸ್ಪತ್ರೆಗೆ ಬರಬೇಕಂತೆ ಎಂದಳು. ರುದ್ರಮೂರ್ತಿ ಕೆಕ್ಕರಿಸಿದ.

"ಲೇ ಬೋಸುಡಿ, ರೋಗ ನಿಮ್ಮ ಕೇರಿದು. ನಂಗೇ ಆಸ್ಪತ್ರೆ ತೋರುಸ್ತೀಯಾ? ಉರಿ ಬಂದ್ರೆ ಕಡೂರಿನ ಮೆಡಿಕಲ್‌ನಿಂದ ತರುಸ್ತೀನಿ, ಎಲ್ಡು ನುಂಗ್ತೀನಿ, ಹೋಯ್ತು. ತಗಾ, ಉಳಿದಿದ್ದು ನೀನೇ ನುಂಗು."

ಮುಖಕ್ಕೆ ಬಡಿದು ಬಿದ್ದ ಸ್ಟ್ರಿಪ್ಪಿನಲ್ಲಿ ಮುಕ್ಕಾಲು ಪಾಲು ಮಾತ್ರೆ ಹಾಗೇ ಇತ್ತು. ರೋಗ ಗಟ್ಟಿಯಾದದ್ದು ಎಲ್ಲಿ ಎಂದು ಭಾಗಮ್ಮನಿಗೆ ಆಗ ಗೊತ್ತಾಯಿತು. ಸ್ಟ್ರಿಪ್ಪನ್ನು ಎಲೆಅಡಿಕೆ ಸಂಚಿಯಲ್ಲಿ ತುರುಕಿಕೊಂಡಳು. ಮೈ ಸರಿಯಿಲ್ಲವೆಂದು ಹೇಳಿಕಳಿಸಿ ಆ ವಾರ ಶೆಡ್ಡಿನ ಕಡೆ ಸುಳಿಯಲಿಲ್ಲ.

ವಾರ ಕಳೆದು ಶಾಲೆಯ ಅಂಗಳದಲ್ಲಿ ಆರೋಗ್ಯ ಶಿಬಿರ ನಡೆಯಿತು. ಮದ್ದಿಗೆ ಬಗ್ಗದ ರೋಗ ಹರಡದಂತೆ ತಪಾಸಣೆ, ಇಂಜೆಕ್ಷನ್, ಎಲ್ಲ ಪುಕ್ಕಟೆ. ಆದರೆ ಮೈಕು ಕಟ್ಟಿದ ಆಟೋ ಸುತ್ತಿದ್ದು ಕೇರಿಯಲ್ಲಿ ಮಾತ್ರ, ಕೂಗಿ ಕರೆದದ್ದು ಹೆಂಗಸರನ್ನು ಮಾತ್ರ. ಮೇಲಿನ ಬೀದಿಯ ಗಂಡಸರಿಗೆ ಇಂಥ ಕಾಯಿಲೆ ಬರುವುದುಂಟೇ? ಉದ್ಘಾಟನೆ ರುದ್ರಮೂರ್ತಿಯದು. ಶಾಲು ಹೊದ್ದು, ಹೆಂಡತಿ ಶಾಂಭವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಣ್ಣಾಳುಗಳು ಚೊಕ್ಕಟವಾಗಿರಬೇಕು, ನಡತೆ ನೆಟ್ಟಗಿರಬೇಕು ಎಂದು ಬುದ್ಧಿ ಹೇಳಿದ.

ಕೋಮಲಾ ಅಂದು ಭಾಗಮ್ಮನ ಕೈ ಹಿಡಿದು ಬಂದು ತೋಳಿಗೆ ಸೂಜಿ ಚುಚ್ಚಿಸಿಕೊಂಡಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಭಾಗಮ್ಮ ನೇರ ವೇದಿಕೆ ಹತ್ತಿದಳು. ಸಂಚಿ ಬಿಚ್ಚಿ, ಸ್ಟ್ರಿಪ್ಪನ್ನು ಡಾಕ್ಟರ ಮುಂದಿದ್ದ ಹಾರದ ತಟ್ಟೆಗೆ ಹಾಕಿದಳು.

"ಕರ್ಕಂಡು ಬಾ ಅಂದಿದ್ರಲ್ಲ ಸ್ವಾಮಿ. ಕರ್ಕಂಡು ಬರಕ್ಕಾಗ್ಲಿಲ್ಲ. ಅಗೋ, ಶಾಲು ಹೊದ್ಕಂಡು ಕುಂತವ್ನೆ. ಚುಚ್ಚಿ."

ಶಾಂಭವಿಯ ತಲೆ ತಗ್ಗಿತು. ಉರಿ ಆ ಮನೆಯನ್ನೂ ಬಿಟ್ಟಿಲ್ಲವೆಂದು ಮುಖವೇ ಹೇಳುತ್ತಿತ್ತು. ಡಾಕ್ಟರು ಸ್ಟ್ರಿಪ್ಪನ್ನು ನೋಡಿದರು, ರುದ್ರಮೂರ್ತಿಯನ್ನು ನೋಡಿದರು, ಮೈಕಿನವನಿಗೆ ಹಾಡು ಹಾಕಲು ಹೇಳಿದರು. ಯಾರೋ ಇಬ್ಬರು ಭಾಗಮ್ಮನ ರಟ್ಟೆ ಹಿಡಿದು ಕೆಳಗಿಳಿಸಿದರು.

ಸಂಜೆ ಭಾಗಮ್ಮ ಕೋಮಲಾಳ ಮನೆಯಲ್ಲಿದ್ದಾಗ ಶೆಡ್ಡಿನ ಮೇಸ್ತ್ರಿ ಜವರಯ್ಯ ಮನೆ ಮುಂದೆ ಬಂದು ನಿಂತ. ಅವನೂ ಅದೇ ಕೇರಿಯವನು. ಭಾಗಮ್ಮನಿಗೆ ಇನ್ನು ಈ ಕಡೆ ಎಲ್ಲೂ ಕೂಲಿಯಿಲ್ಲ ಎಂದು ಗೋಡೆ ನೋಡುತ್ತಾ ಹೇಳಿದ. ಆಮೇಲೆ ಕೋಮಲಾಳ ಕಡೆ ತಿರುಗಿದ.

"ಚೀಲ ಜೋಡ್ಸಕ್ಕೆ ಬರ್ಬೇಕಂತೆ ಕಣವ್ವಾ. ಈಗ್ಲೇ."

ಭಾಗಮ್ಮ ಹೊಸಿಲಿಗೆ ಅಡ್ಡ ನಿಂತಳು. ನಿಂತು ಏನು ಕೊಟ್ಟಾಳು? ಒಳಗೆ ಹಾಸಿಗೆ ಹಿಡಿದ ಕೋಮಲಾಳ ತಾಯಿ ಕೆಮ್ಮುತ್ತಿದ್ದಳು. ರಾಗಿ ಮಡಕೆ ತಳ ಕಂಡಿತ್ತು. ಕೋಮಲಾ ಭಾಗಮ್ಮನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚಪ್ಪಲಿ ಮೆಟ್ಟಿಕೊಂಡಳು.

"ಬತ್ತೀನಿ ಕಣಕ್ಕ" ಎಂದು ಹೊರಟಳು. ತೋಳಿನ ಮೇಲೆ, ಬೆಳಿಗ್ಗೆ ಸೂಜಿ ಚುಚ್ಚಿದ ಜಾಗದಲ್ಲಿ, ಹತ್ತಿ ಇನ್ನೂ ಅಂಟಿಕೊಂಡೇ ಇತ್ತು.