ಬಿಟ್ಟಿ ಚಾಕರಿ ಬಿಟ್ಟ ಬೆಳಗು

ದೂರ ದೇಶದ ಜಾಗ್ರೆಬ್ ಪಟ್ಟಣದಾಚೆಯ ಗುಡ್ಡದ ಹಳ್ಳಿಯಲ್ಲಿ ಇಂಬ್ರೊ ಎಂಬ ರೈತನಿದ್ದ. ತನ್ನ ಹೊಲದ ಹದ ಮೀರುತ್ತಿದ್ದರೂ ಅವನು ಮೊದಲು ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ತಪ್ಪಿಸಿದರೆ ವಿಚಾರಣೆ ಮಾಡುವವನೂ ಧಣಿಯೇ. ಹಿಂದಿನ ವರ್ಷ ಇಂಬ್ರೊನನ್ನು ನಿಲ್ಲಿಸಿ, ಅವನಿಗೆ ಬಾರದ ಲ್ಯಾಟಿನ್ ಭಾಷೆಯಲ್ಲಿ ಏನೋ ಓದಿದ್ದರು. ಬೆನ್ನಿಗೆ ಛಡಿ ಬಿದ್ದಾಗಲೇ ಅದು ತೀರ್ಪು ಎಂದು ಅವನಿಗೆ ತಿಳಿದದ್ದು.

1848ರ ಮಾರ್ಚ್ ಕೊನೆಗೆ ಪಕ್ಕದ ಮನೆಯ ದೋರಾ ಪಟ್ಟಣದಲ್ಲಿ ಕೆನೆ ಮಾರಿ ಬಂದಳು.

“ಇಂಬ್ರಣ್ಣ, ನಮ್ಮೋರು ದೊಡ್ಡ ಸಭೆ ಸೇರಿ ರಾಜನ ಮುಂದೆ ಮೂವತ್ತು ಬೇಡಿಕೆ ಇಡ್ತಿದಾರೆ. ಬಿಟ್ಟಿ ಚಾಕರಿ ಹೋಗಬೇಕು. ನಾಡಿನ ಸಭೆ ನಮ್ಮದೇ ಇರಬೇಕು. ಕಾನೂನಿನ ಮುಂದೆ ಎಲ್ರೂ ಒಂದೇ. ಕೋರ್ಟು ನಮ್ಮ ಭಾಷೇಲೇ ನಡೀಬೇಕು.”

ಇಂಬ್ರೊ ನಕ್ಕ. “ಕೆನೆ ಜೊತೆ ಬುದ್ಧೀನೂ ಮಾರಿ ಬಂದ್ಯಾ ದೋರಕ್ಕ? ಧಣಿ ಚರ್ಮ ಸುಲೀತಾನೆ.”

“ಈಗೇನು ಹೂವಿನ ಹಾರ ಹಾಕ್ತಿದಾನಾ?”

ಇಂಬ್ರೊನ ಹೆಂಡತಿ ಯಾಲ್ಝಾ ಒಲೆ ಮುಂದಿನಿಂದಲೇ ಕೇಳಿದಳು. “ಹೆಣ್ಮಕ್ಕಳ ಬಿಟ್ಟೀನೂ ಹೋಗುತ್ತಾ?”

“ಎಲ್ರದೂ ಕಣೆ,” ಎಂದಳು ದೋರಾ.

ಏಪ್ರಿಲ್ ಕೊನೆಯ ಭಾನುವಾರ ಪಾದ್ರಿಗಳು ಚರ್ಚಿನಲ್ಲಿ ನಾಡಿನ ಆಡಳಿತಗಾರನ ಆಜ್ಞೆಯನ್ನು ಜನರ ಭಾಷೆಯಲ್ಲೇ ಓದಿದರು. ಬಿಟ್ಟಿ ಚಾಕರಿ ರದ್ದಾಗಿತ್ತು. ಇಂಬ್ರೊನಿಗೆ ಪ್ರತಿ ಮಾತೂ ಅರ್ಥವಾಯಿತು. ಆದರೂ ನಂಬಿಕೆ ಬರಲಿಲ್ಲ.

ಮರುದಿನವೇ ಧಣಿಯ ಜಮೀನು ನೋಡಿಕೊಳ್ಳುವ ಪಾರುಪತ್ಯೆಗಾರ ಕುದುರೆಯೇರಿ ಬಂದ. “ಜೋಳ ಬಿತ್ತೋಕೆ ನಡೀರಿ. ಆ ಆಜ್ಞೆ ಪಟ್ಟಣದೋರಿಗೆ, ನಿಮಗಲ್ಲ.”

ಜನ ಗುದ್ದಲಿ ಎತ್ತಿಕೊಂಡರು. ಇಂಬ್ರೊನೂ ಎತ್ತಿಕೊಂಡ. ಯಾಲ್ಝಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನಾಲ್ಕು ಹೆಜ್ಜೆ ಹೋದವನು ಗುದ್ದಲಿ ನೆಲಕ್ಕೂರಿ ನಿಂತ.

“ಒಡೆಯರೇ, ನಿನ್ನೆ ಕಿವಿಯಾರೆ ಕೇಳಿದೀನಿ. ಹಳ್ಳಿಯೋರಿಗಿಲ್ಲ ಅಂತ ಅದರಲ್ಲಿ ಎಲ್ಲಿದೆ? ನಮ್ಮ ಭಾಷೇಲಿ ಓದಿ ತೋರಿಸಿ.”

ಪಾರುಪತ್ಯೆಗಾರ ಛಡಿ ಎತ್ತಿದ. ಇಂಬ್ರೊ ನಿಂತಲ್ಲಿಂದ ಕದಲಲಿಲ್ಲ. ದೋರಾ ಬಂದು ಅವನ ಪಕ್ಕ ನಿಂತಳು. ಯಾಲ್ಝಾ ಬಂದಳು. ಆಮೇಲೆ ಇಡೀ ಹಳ್ಳಿಯೇ ಬಂತು.

“ಓದಿ ಸ್ವಾಮಿ, ಕೇಳ್ತೀವಿ,” ಎಂದಿತು ಹಿಂದಿನಿಂದ ಒಂದು ದನಿ.

ಛಡಿ ಕೆಳಗಿಳಿಯಿತು. ಕುದುರೆ ಬಂದ ದಾರಿಯಲ್ಲೇ ಹಿಂತಿರುಗಿತು.

ಆ ಬೆಳಗು ಹಳ್ಳಿಯವರೆಲ್ಲ ತಂತಮ್ಮ ಹೊಲಕ್ಕಿಳಿದರು. ಒಂದು ಹೊಲದವರು ಹಾಡಿದರೆ ಇನ್ನೊಂದು ಹೊಲದವರು ದನಿಗೂಡಿಸಿದರು. ಇಂಬ್ರೊ ಎಲ್ಲರಿಗಿಂತ ಗಟ್ಟಿಯಾಗಿ, ರಾಗ ತಪ್ಪಿಸಿ ಹಾಡಿದ. ಯಾಲ್ಝಾ ನಗುತ್ತ ಕಾಳು ಹಾಕಿಕೊಂಡು ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ಕಾನೂನು ಬಂದರಷ್ಟೇ ಸಾಲದು. ಅದು ನಮ್ಮ ಅಂಗಳಕ್ಕೆ ಬರಬೇಕಾದರೆ ನಾವು ಬಾಯಿ ಬಿಡಬೇಕು. ನಿಮ್ಮ ಹಕ್ಕು ಏನೆಂದು ತಿಳಿದುಕೊಳ್ಳಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಕನ್ನಡದಲ್ಲಿ ಹೇಳಿ ಎಂದು ಕೇಳಿ. ಹಾಗೆ ಕೇಳಲು ಒಬ್ಬರು ಎದ್ದು ನಿಂತರೆ, ನೀವು ಹೋಗಿ ಅವರ ಪಕ್ಕದಲ್ಲಿ ನಿಲ್ಲಿ.